ಅಕ್ಕ ಕಲಸುತ್ತಿದ್ದ ಪುಡಿ

ನಮ್ಮ ಭಾವ ಕಲ್ಯಾಣದುರ್ಗದಿಂದ ಬ್ರಹ್ಮಸಮುದ್ರಕ್ಕೆ ಹೋಗುವ ದಾರಿಯಲ್ಲಿ ಹಂದಿ ಫಾರಂ ಇಟ್ಟಿದ್ದಾರೆ. ಈ ಮಾತನ್ನು ನಮ್ಮವರು ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಹಿಂದೂಪುರದಲ್ಲಿ ಮಗ್ಗ ನಡೆಸಿಕೊಂಡು ಬಂದ ಮನೆತನ ನಮ್ಮದು, ಅಡುಗೆಮನೆಗೆ ಮೊಟ್ಟೆಯೂ ಬರುವುದಿಲ್ಲ. ನೆಂಟರು ಕೇಳಿದರೆ ‘ಕುರಿ ಸಾಕ್ತಾರೆ’ ಅಂದು ಮಾತು ತಿರುಗಿಸುತ್ತೇವೆ. ಹಂದಿ ಮಾರಿದ ದುಡ್ಡಲ್ಲಿ ಭಾವ ಕೊಡಿಸಿದ ಫ್ರಿಜ್ಜು ಮಾತ್ರ ಅಮ್ಮನ ನಡುಮನೆಯಲ್ಲೇ ಇದೆ.

ಹಂದಿಮರಿಗಳಿಗೆ ಭೇದಿ ಹತ್ತಿದರೆ ಒಂದರ ಹಿಂದೆ ಒಂದು ಸಾಯುತ್ತವೆ. ಅದಕ್ಕೇ ಭಾವ ಅಂಗಡಿಯಿಂದ ಆಂಟಿಬಯೋಟಿಕ್ ಪುಡಿ ತರುತ್ತಿದ್ದರು. ಮೊದಮೊದಲು ಭೇದಿಯಾದಾಗ ಮಾತ್ರ ಹಾಕುತ್ತಿದ್ದದ್ದು, ಆಮೇಲೆ ದಿನಾ ಮೇವಿಗೆ ಬೆರೆಸುವುದು ಅಭ್ಯಾಸವಾಯಿತು. ಬೂಸಾದಲ್ಲಿ ಅದನ್ನು ಕಲಸುವುದು, ಷೆಡ್ಡಿನ ಗಲೀಜು ಬಾಚಿ ತೊಳೆಯುವುದು ಅಕ್ಕನ ಕೆಲಸ. ಒಮ್ಮೆ ನಾನು ಹೋದಾಗ ಮೊಣಕೈವರೆಗೂ ಕೈ ಅದ್ದಿ ಕಲಸುತ್ತಿದ್ದಳು.

“ಗ್ಲೌಸ್ ಹಾಕ್ಕೊಳ್ಳೆ” ಅಂದೆ.

“ಮುದ್ದೆ ಕಟ್ಟೋಕೆ ಗ್ಲೌಸ್ ಹಾಕ್ತೀವಾ?” ಅಂತ ನಕ್ಕಳು.

ಹೋದ ವರ್ಷ ಅವಳಿಗೆ ಉರಿಮೂತ್ರ ಶುರುವಾಯಿತು, ಹಿಂದೆಯೇ ಚಳಿಜ್ವರ. ಕಲ್ಯಾಣದುರ್ಗದಲ್ಲಿ ಮಾತ್ರೆ ಕೊಟ್ಟರು, ಇಂಜೆಕ್ಷನ್ ಕೊಟ್ಟರು, ಮಾತ್ರೆ ಬದಲಾಯಿಸಿದರು. ಜ್ವರ ಇಳಿಯಲಿಲ್ಲ. ಸೊಂಟ ಹಿಡಿದುಕೊಂಡು ಮಲಗಿಬಿಟ್ಟಾಗ ಭಾವ ಹಿಂದೂಪುರಕ್ಕೆ ಕರೆತಂದರು. ಆಸ್ಪತ್ರೆಗೆ ನಾನೂ ಜೊತೆಗೆ ಹೋದೆ.

ಮೂತ್ರದ ಟೆಸ್ಟು ನೋಡಿದ ಡಾಕ್ಟರಮ್ಮ, ಈ ಬ್ಯಾಕ್ಟೀರಿಯಾ ಮಾಮೂಲಿ ಔಷಧಿ ಯಾವುದಕ್ಕೂ ಬಗ್ಗುತ್ತಿಲ್ಲ ಅಂದರು. ಕೋಳಿ, ಹಂದಿ ಏನಾದರೂ ಸಾಕಿದ್ದೀರಾ ಅಂತ ತೆಲುಗಿನಲ್ಲಿ ಕೇಳಿದರು.

“ಗೊರ್ರೆಲು ಮೇಡಂ. ಗೊರ್ರೆಲು ಮಾತ್ರಮೇ” ಅಂದರು ಭಾವ. ಹೆಂಡತಿ ಜ್ವರದಲ್ಲಿ ನಡುಗುತ್ತಿರುವಾಗಲೂ ಅವರ ಬಾಯಲ್ಲಿ ಬಂದದ್ದು ಕುರಿಯೇ.

“ಹಂದಿ ಮೇಡಂ” ಅಂದೆ ನಾನು. “ಮೇವಿಗೆ ದಿನಾ ಆಂಟಿಬಯೋಟಿಕ್ ಹಾಕ್ತಾರೆ. ಇವಳೇ ಕೈಯಲ್ಲಿ ಕಲಸೋದು.”

ಹಂದಿಯಿಂದಲೇ ಬಂತು ಅಂತ ಖಾತ್ರಿಯಾಗಿ ಹೇಳಲಾರೆ ಅಂದರು ಡಾಕ್ಟರಮ್ಮ. ಆದರೆ ದಿನಾ ಔಷಧಿ ತಿಂದ ಹಂದಿಯ ಕರುಳಿನಲ್ಲಿ ಔಷಧಿಗೆ ಜಗ್ಗದ ಬ್ಯಾಕ್ಟೀರಿಯಾ ಮಾತ್ರ ಉಳಿದು ಹೆಚ್ಚುತ್ತವೆ, ಗಲೀಜು ಮುಟ್ಟಿದ ಕೈಯಿಂದ ನಮ್ಮ ಹೊಟ್ಟೆಗೂ ಬರುತ್ತವೆ, ಅಲ್ಲಿಂದ ಮೂತ್ರದ ದಾರಿಗೂ ಸೇರಬಹುದು ಅಂತ ಬಿಡಿಸಿ ಹೇಳಿದರು.

ಹೊರಗೆ ಬಂದದ್ದೇ ಭಾವ ರೇಗಿದರು. “ನನ್ನ ಮರ್ವಾದೆ ಕಳೆದ್ಬುಟ್ಟೆ ಕಣಮ್ಮ. ಬೆಂಚಲ್ಲಿ ನಮ್ಮೋರು ಕೂತಿದ್ರು.”

“ಮುಚ್ಚಿಟ್ರೆ ಅಕ್ಕ ಉಳೀತಾಳಾ ಭಾವ? ಇನ್ನಾದ್ರೂ ಆ ಪುಡಿ ನಿಲ್ಲಿಸಿ.”

“ಪುಡಿ ನಿಲ್ಸಿದ್ರೆ ಮರಿಗಳು ಸಾಯ್ತವೆ. ಆಗ ನೀನು ಬಂದು ನನ್ನ ಮನೆ ನಡೆಸ್ತೀಯಾ?”

ಅಕ್ಕ ಬದುಕಿಕೊಂಡಳು. ಆಸ್ಪತ್ರೆಯಲ್ಲೇ ಇಟ್ಟುಕೊಂಡು ಬೇರೆ ಇಂಜೆಕ್ಷನ್ ಕೊಟ್ಟರು. ಒಂದು ಕಿಡ್ನಿ ಸೊರಗಿಹೋಯಿತು. ಭಾವ ಆಮೇಲೆ ನಮ್ಮ ಹೊಸ್ತಿಲು ತುಳಿದಿಲ್ಲ. ಅಮ್ಮನೂ ನನ್ನನ್ನೇ ಬೈದಳು, ನಿನ್ನ ಬಾಯಿಗೆ ಬೀಗ ಇಲ್ಲ ಅಂತ.

ಈಚೆಗೆ ಭಾವ ಇಲ್ಲದ ಹೊತ್ತು ನೋಡಿಕೊಂಡು ಕಲ್ಯಾಣದುರ್ಗಕ್ಕೆ ಹೋಗಿದ್ದೆ. ಪುಡಿ ಹಾಕೋದು ನಿಲ್ಸಿದ್ರಾ ಅಂತ ಅಕ್ಕನನ್ನು ಕೇಳಿದೆ.

“ಇಲ್ಲ. ಆದ್ರೆ ನಾನು ಮುಟ್ಟಲ್ಲ ಕಣೆ. ಬ್ರಹ್ಮಸಮುದ್ರದ ಕಡೆಯಿಂದ ಒಬ್ಬಳು ಕೂಲಿಗೆ ಬತ್ತಾಳೆ, ಅವಳೇ ಕಲಸ್ತಾಳೆ.”

“ನಿಂಗೇನಾಯ್ತು ಅಂತ ಅವಳಿಗೆ ಹೇಳಿದ್ದೀಯಾ?”

“ಹೇಳಿದ್ರೆ ಬತ್ತಾಳಾ?” ಅಂದು ಅಕ್ಕ ಕಾಫಿಗೆ ಹಾಲಿಟ್ಟಳು.

ನಾನು ಕಾಫಿಗೆ ಕಾಯಲಿಲ್ಲ. ಫಾರಮ್ಮಿಗೆ ನಡೆದೆ. ಆ ಹೆಂಗಸು ತೊಟ್ಟಿಯ ಪಕ್ಕ ಕೈ ತೊಳೆಯುತ್ತಿದ್ದಳು, ಬರೀ ನೀರಲ್ಲಿ. ಎಲ್ಲ ಹೇಳಿದೆ. ಅವಳು ಸೆರಗಿಗೆ ಕೈ ಒರೆಸಿಕೊಂಡಳು. ಮಾರನೆಯ ದಿನದಿಂದ ಕೆಲಸಕ್ಕೆ ಬರಲಿಲ್ಲವಂತೆ.

ಅಕ್ಕ ಈಗ ನನ್ನ ಫೋನ್ ಎತ್ತುವುದಿಲ್ಲ. ಫಾರಮ್ಮಿಗೆ ಕುಂದುರ್ಪಿಯಿಂದ ಬೇರೊಬ್ಬಳನ್ನು ಕರೆತಂದಿದ್ದಾರೆ ಅಂತ ಅಮ್ಮ ಹೇಳಿದಳು.