ಸೋಮವಾರ ಹೊರಗೆ ತಳ್ಳಿದ ಮಿಲಿಟ್ರಿ ಗಾಡಿ

ನಮ್ಮ ಮನಿಯವ್ರು ಹಳೇ ಸಾಮಾನು ಕೂಡಿಸಿ ಮಿಲಿಟ್ರಿ ಲಾರಿ ಕಟ್ತೀನಿ ಅಂತ ನಿಂತಾಗ ಓಣಿಯವ್ರೆಲ್ಲ ನಕ್ಕರು. ನನಗ ನಗು ಬರಲಿಲ್ಲ, ಅಂಜಿಕಿ ಬಂತು.

ಕೂಡ್ಲಿಗಿಯಾಗ ಹೊಸಪೇಟಿ–ಚಿತ್ರದುರ್ಗ ರಸ್ತೆ ಮಗ್ಗಲಿಗೇ ನಮ್ಮ ವೆಲ್ಡಿಂಗ್ ಶೆಡ್ಡು, ಅದರ ಹಿಂದ ಮನಿ. ಟ್ರ್ಯಾಕ್ಟರಿಗೆ ಟ್ರೇಲರ್ ಕಟ್ಟೋದು ಇವ್ರ ಕಸುಬು. ತೊಂಬತ್ತರ ದಶಕ ಮುಗಿಯಾಕ ಬಂದಿತ್ತು. ಗುಜರಿಯಾಗ ಒಂದು ಲಾರಿ ಚಾಸಿ, ಇಂಜಿನ್ ಸಮೇತ ಸಿಕ್ತು. ಅವತ್ತಿಂದ ಶುರುವಾತು ನೋಡ್ರಿ ಹುಚ್ಚು. ಮಾವ ಮಿಲಿಟ್ರ್ಯಾಗ ಡ್ರೈವರ್ ಆಗಿದ್ದಾಗಿನ ಒಂದು ಫೋಟೋ ಇತ್ತು. ಅದರಾಗಿನ ಗಾಡಿ ಹೆಂಗೈತೋ ಹಂಗಾ ಕಟ್ಟಬೇಕು, ಅಪ್ಪನ ಕೈಲೇ ಅದನ್ನ ಬಸ್ ಸ್ಟ್ಯಾಂಡ್ ತನಕ ಓಡಿಸಬೇಕು, ಇದೊಂದೇ ಹಟ.

ಆದ್ರ ಮಾವ ಊರಿಗೆ ಬಂದ ಮ್ಯಾಲೆ ಸ್ಟೇರಿಂಗ್ ಮುಟ್ಟಿದವ್ರೇ ಅಲ್ಲ. ಬಸ್ ಹತ್ತಿದ್ರೂ ಕಡೀ ಸೀಟಿಗೆ ಹೋಗಿ ಕುಂದ್ರೋರು. ಯಾಕಂತ ನನಗೊಬ್ಬಾಕಿಗೇ ಗೊತ್ತಿತ್ತು. ಒಂದ್ಸಲ ಜ್ವರದಾಗ ಬಡಬಡಿಸಿದ್ರು, ಎಚ್ಚರಾದ ಮ್ಯಾಲೆ ತಾವೇ ಬಿಡಿಸಿ ಹೇಳಿದ್ರು. ಮಿಲಿಟ್ರ್ಯಾಗಿದ್ದಾಗ ಗುಡ್ಡದ ರಸ್ತ್ಯಾಗ ಗಾಡಿ ಬ್ರೇಕ್ ಹೋಗಿತ್ತಂತ. ಮಾವ ಜಿಗಿದ್ರಂತ. ಮಗ್ಗಲ ಸೀಟಿನಾಗ ತೂಕಡಿಸ್ತಿದ್ದ ಜೊತಿಗಾರ ಗಾಡಿ ಸಂಗಾಟ ಕೆಳಗ ಹೋದನಂತ.

"ಅವನ್ನ ಕೂಗಿ ಎಬ್ಬಿಸಲಿಲ್ಲವ್ವಾ ನಾನು. ಸುಮ್ನ ಜಿಗಿದುಬಿಟ್ಟೆ. ನನ್ನ ಮಗಗ ಹೇಳಬ್ಯಾಡ" ಅಂದ್ರು.

ಹೇಳಂಗಿಲ್ಲ ಅಂದೆ. ಅಂದು ಕೆಟ್ಟೆ.

ಗಾಡಿ ಬೆಳೀತಾ ಹೋತು. ಬ್ಯಾರೆಲ್ ತಗಡು ಬಡಿದು ಮೂತಿ ಮಾಡಿದ್ರು. ಹರಪನಹಳ್ಳಿ ಕಡೆ ಮುರಿಯಾಕ ಹಾಕಿದ್ದ ಜೀಪಿಂದು ದೀಪ ತಂದ್ರು. ಎಡಗಡೆ ಬಾಗಿಲಿಗೆ ಸರಿಯಾದ ಕೀಲು ಎಲ್ಲೂ ಸಿಗಲಿಲ್ಲ, ಹಂಗಾ ವೆಲ್ಡಿಂಗ್ ಹೊಡೆದು ಕೂಡಿಸಿಬಿಟ್ರು. ನೋಡಾಕ ಬಾಗಿಲು, ತೆಗಿಯಾಕ ಬರಂಗಿಲ್ಲ. ಬಲಗಡಿಂದ ಹತ್ತಿ ಆ ಕಡೆ ಸರೀಬೇಕು. ಮಾವ ಕಟ್ಟಿ ಮ್ಯಾಲೆ ಕುಂತು ಇದನ್ನೆಲ್ಲ ನೋಡೋರು. ರೊಟ್ಟಿ ಅರ್ಧಕ್ಕ ಬಿಡಾಕ ಹತ್ತಿದ್ರು. ಹಸಿರು ಬಣ್ಣ ಹೊಡೆದ ದಿನ ಹೊರಸಿನ ತಲಿದಿಕ್ಕು ಬದಲಿ ಮಾಡಿ, ಶೆಡ್ಡಿಗೆ ಬೆನ್ನು ಹಾಕಿ ಮಲಗಿದ್ರು. ಅವತ್ತೇ ನಾನು ಇವ್ರ ಮುಂದ ಹೋಗಿ ನಿಂತೆ.

"ರೀ, ಮಾವನ್ನ ಅದರಾಗ ಕುಂದ್ರಿಸಬ್ಯಾಡ್ರಿ" ಅಂದೆ.

"ಯಾಕಲೇ?"

ಯಾಕಂತ ಏನು ಹೇಳ್ಲಿ? "ವಯಸ್ಸಾಗೈತಿ" ಅಂದೆ.

"ಅಪ್ಪಗ ಹಳೇದೆಲ್ಲ ನೆನಪಾಗ್ತೈತಿ, ಅದಕ್ಕ ಹಂಗ ಮಾಡ್ತಾನ. ಹತ್ತಿ ಕುಂತನಂದ್ರ ಖುಷಿ ಆಗ್ತಾನ ನೋಡು" ಅಂದ್ರು. ನೆನಪಾಗೋದೇ ನನ್ನ ಅಂಜಿಕಿ ಅಂತ ಈ ಗಂಡಸಿಗೆ ಹೆಂಗ ತಿಳಿಸಬೇಕು.

ಫೋಟೋ ತೆಗಿಯೋನು ಕೊಟ್ಟೂರಿಂದ ಬಂದದ್ದು ಸೋಮವಾರ. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡಂಗಿಲ್ಲ. ಇವ್ರು ಹೊಲ ಬಿಟ್ಟು ಕಬ್ಬಿಣ ಹಿಡಿದ್ರೂ ಆ ನೇಮ ಬಿಟ್ಟಿರಲಿಲ್ಲ. ಸೋಮವಾರ ಅಂಗಳದಾಗ ಯಾವ ಇಂಜಿನ್ನೂ ಚಾಲೂ ಮಾಡೋರಲ್ಲ, ಅದೂ ಎತ್ತೇ ಅನ್ನೋರು. ಟ್ರೇಲರ್ ಹೊರಗ ತರೋದಿದ್ರ ನಾಕು ಮಂದಿ ಕೈಲೆ ತಳ್ಳಿ, ಗಾಲಿಗೆ ಕಲ್ಲು ಕೊಡೋರು. ಅವತ್ತೂ ಹಂಗೇ ಮಾಡಿದ್ರಾತು ಅಂದ್ರು. ಬೆಳಕಿಗೆ ತಂದು ಫೋಟೋ ತೆಗೆಸೋದು, ಅಷ್ಟೇ.

ಮಾವ ಒಲ್ಲೆ ಅನ್ನಲಿಲ್ಲ. ನನ್ನ ಮುಖ ಒಂದ್ಸಲ ನೋಡಿದ್ರು. ಆಮ್ಯಾಲೆ ಧೋತರ ಎತ್ತಿ ಕಟ್ಟಿ ಹತ್ತಿ ಡ್ರೈವರ್ ಸೀಟಿನಾಗ ಕುಂತ್ರು. ಇವ್ರು ಮುಂಚೇನ ಎಡಕ್ಕ ಸರಿದು ಕುಂತಿದ್ರು, ಆ ತೆಗಿಯಾಕ ಬರದ ಬಾಗಿಲ ಮಗ್ಗಲಿಗೆ. ಬಾಯಿ ಬಿಡಬೇಕು ಅನ್ನಿಸ್ತು. ಮಾವಗ ಕೊಟ್ಟ ಮಾತು ಅಡ್ಡ ಬಂತು.

ನಾಕು ಮಂದಿ ಗಾಲಿ ಕಲ್ಲು ತೆಗೆದು ತಳ್ಳಿದ್ರು. ಅಂಗಳ ರಸ್ತಿ ಕಡೆ ಇಳಿಜಾರು. ಟ್ರೇಲರ್ ಆಗಿದ್ರ ಹಿಂದ ನಿಂತವ್ರು ಎಳೆದು ಹಿಡಿತಿದ್ರು. ಇದು ಲಾರಿ. ಅವ್ರ ಕೈ ಬಿಡಿಸ್ಕೊಂಡು ಹೊಂಟೇಬಿಟ್ಟಿತು.

"ಅಪ್ಪಾ, ಬ್ರೇಕ್ ತುಳಿ" ಅಂತ ಇವ್ರು ಕೂಗಿದ್ದು ಕೇಳಿಸ್ತು.

ಮಾವ ತುಳಿದ್ರು. ಮತ್ತ ತುಳಿದ್ರು. ಅದು ಗಾಳಿ ಬ್ರೇಕು. ಇಂಜಿನ್ ತಿರುಗಿದ್ರ ಗಾಳಿ ತುಂಬ್ತೈತಿ, ಗಾಳಿ ಇದ್ರ ಬ್ರೇಕ್ ಹಿಡಿತೈತಿ. ಇಂಜಿನ್ನಿಗೆ ಸೋಮವಾರದ ರಜಾ. ಹ್ಯಾಂಡ್ ಬ್ರೇಕ್ ಇನ್ನೂ ಜೋಡಿಸಿರಲಿಲ್ಲ. ಬದುಕೆಲ್ಲಾ ಬ್ರೇಕಿಲ್ಲದ ಟ್ರೇಲರ್ ತಳ್ಳಿದವ್ರಿಗೆ ಯಾರಿಗೂ ಇದು ಹೊಳೀಲೇ ಇಲ್ಲ, ಕಟ್ಟಿದ ನಮ್ಮನಿಯವ್ರಿಗೂ.

ನಾನು ಕಲ್ಲು ಎತ್ಕೊಂಡು ಓಡಿದೆ. ಗಾಲಿ ನನಗ ಸಿಗಲಿಲ್ಲ. ರಸ್ತಿ ಮ್ಯಾಲೆ ಚಿತ್ರದುರ್ಗದ ಬಸ್ಸು ಹಾರನ್ ಹೊಡಕೊಂತ ಬರ್ತಿತ್ತು. ಇವ್ರು ಬಾಗಿಲು ಗುದ್ದಾಕ ಹತ್ತಿದ್ರು, ತಾವೇ ವೆಲ್ಡಿಂಗ್ ಹೊಡೆದ ಬಾಗಿಲು. ಬಲಗಡೆ ಮಾವನ ಬಾಗಿಲು ಹಾರೊಡೆದಿತ್ತು. ಅವ್ರು ಒಂದು ಕಾಲು ಎತ್ತಿದ್ರ ಸಾಕಿತ್ತು, ಹೊರಗ.

"ಜಿಗೀರಿ ಯಜ್ಜಾ, ಜಿಗೀರಿ" ಅಂತ ಹಿಂದ ಯಾರೋ ಒದರಿದ್ರು. ನನ್ನ ಬಾಯಿಂದ ಆ ಮಾತು ಬರಲಿಲ್ಲ. ಅವ್ರು ಜಿಗಿದ್ರ ನನ್ನ ಗಂಡ ಉಳಿಯಂಗಿಲ್ಲ ಅಂತ ಗೊತ್ತಿತ್ತು. ಮಾವ ಜಿಗೀತಾರ ಅಂತಾನೂ ಅನ್ಕೊಂಡುಬಿಟ್ಟೆ, ಕಣ್ಣು ಮುಚ್ಚಿದೆ.

ದಬ್ ಅಂತು. ಕಣ್ಣು ಬಿಟ್ರ ಗಾಡಿ ರಸ್ತಿ ಅಂಚಿನ ನಮ್ಮ ತಿಪ್ಪ್ಯಾಗ ಮೂತಿ ತೂರಿಸಿ ನಿಂತಿತ್ತು. ಮಾವ ಸ್ಟೇರಿಂಗ್ ಎಳೆದು ತಿಪ್ಪಿಗೆ ತಿರುವಿದ್ರು. ಬಸ್ಸು ಹೊಂಟು ಹೋತು.

ಓಡಿ ಹೋದೆ. ಮಾವನ ಬಲಗೈ ಸ್ಟೇರಿಂಗ್ ಮ್ಯಾಲಿತ್ತು. ಎಡಗೈಯಾಗ ಮಗನ ಅಂಗಿ ಎದಿ ಮ್ಯಾಲೆ ಮುಷ್ಟಿ ಕಟ್ಟಿ ಹಿಡಿದಿದ್ರು, ಗುಂಡಿ ಕಿತ್ತು ಹೋಗಿದ್ವು.

ಇವ್ರು ನಕ್ಕರು. "ನೋಡಲೇ, ಮಿಲಿಟ್ರಿಯವ ಹೆಂಗ ಹೆದರ್ಯಾನ. ಅಂಗಿ ಬಿಡವಲ್ಲ."

ಮಾವ ನನ್ನ ಕಡೆ ನೋಡಿದ್ರು. ನಾನು ಆ ಕೈ ಮ್ಯಾಲೆ ಕೈ ಇಟ್ಟೆ. "ಬಿಡ್ರಿ ಮಾವ, ಇವ್ರು ಅದಾರ. ಇಲ್ಲೇ ಅದಾರ" ಅಂದೆ.

ಆದ್ರೂ ಅವ್ರು ಬಿಡಲಿಲ್ಲ.