ಅಳತೆಯಮ್ಮ ಮತ್ತು ಉಕ್ಕಿನ ನದಿ

ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ಅಳತೆಯಮ್ಮ ವೆಲ್ಡಿಂಗ್ ಶೆಡ್ಡಿನ ನೆಲದ ಮೇಲೆ ಮಂಡಿಯೂರಿ, ಇನ್ನೂರ ಹನ್ನೆರಡನೆಯ ಕಂಬಿಗೆ ಟೇಪು ಹಿಡಿದಿದ್ದರು. ಅವರ ರಿಜಿಸ್ಟರಿನಲ್ಲಿ ಮೂರು ಮೀಟರ್ ಹತ್ತು ಸೆಂಟಿಮೀಟರ್. ಕಂಬಿ ಮೂರು ನಲವತ್ತು.

ಮೂವತ್ತೊಂದು ವರ್ಷ ನದಿಯ ಮಟ್ಟ ಓದಿದವರು ಅವರು. ಸೇತುವೆಯ ಕೆಳಗಿನ ಅಳತೆಗಂಬದ ಮುಂದೆ ನಿಂತು, ಅಲೆ ಏರಿದಾಗ ಒಂದು ಅಂಕಿ, ಇಳಿದಾಗ ಒಂದು ಅಂಕಿ ಹಿಡಿದು, ಎರಡರ ನಡುವಿನದನ್ನು ಬರೆಯುವುದು ಅವರ ಕ್ರಮ. ಒಂದೇ ಸಲ ನೋಡಿ ಗೀಚುವವರನ್ನು ಕಂಡರೆ ಮೈಯುರಿ.

"ನನ್ನ ಮುಖವನ್ನ ಇವಳು ಒಂದಿನಾನೂ ಇಷ್ಟು ಗಮನವಿಟ್ಟು ನೋಡಿಲ್ಲ" ಎಂದು ಯಜಮಾನರು ಬಂದವರ ಮುಂದೆಲ್ಲ ದೂರುತ್ತಿದ್ದರು.

"ನಿಮ್ಮ ಮುಖ ಏನು ಏರಿ ಇಳಿಯತ್ತಾ?"

"ಊಟ ತಡವಾದ ದಿನ ನೋಡು."

ಅಳತೆಯಮ್ಮ ನಿವೃತ್ತರಾದ ಮೇಲೆ ನಗರಸಭೆ ದಡದಲ್ಲೊಂದು ಶಿಲ್ಪ ನಿಲ್ಲಿಸಲು ಹೊರಟಿತು. ಶಿಲ್ಪಿ ಅವರ ರಿಜಿಸ್ಟರುಗಳಿಂದ ದೊಡ್ಡ ಪ್ರವಾಹದ ವರ್ಷವನ್ನು ಆರಿಸಿಕೊಂಡ. ದಿನಕ್ಕೊಂದು ಉಕ್ಕಿನ ಕಂಬಿ. ಆ ದಿನ ನೀರು ಎಷ್ಟೆತ್ತರವೋ ಕಂಬಿಯೂ ಅಷ್ಟೇ.

"ಏನಪ್ಪಾ, ಇದು ಮೂವತ್ತು ಸೆಂಟಿಮೀಟರ್ ಜಾಸ್ತಿ ಇದೆ" ಎಂದರು ಅಳತೆಯಮ್ಮ, ಶೆಡ್ಡಿನ ನೆಲದಿಂದಲೇ ಶಿಲ್ಪಿಗೆ ಟೇಪು ತೋರಿಸಿ.

"ಆ ಜಾಗ ಹಲ್ಲು ಬಿದ್ದ ಬಾಯಿ ಥರ ಕಾಣ್ತಿತ್ತಮ್ಮ. ಅಕ್ಕಪಕ್ಕದ್ದು ನೋಡಿ ಸರಿ ಮಾಡ್ದೆ."

"ಆವತ್ತು ಮೇಲಿನ ಅಣೆಕಟ್ಟಿನ ಬಾಗಿಲು ಹಾಕಿದ್ರು, ನೀರು ಇಳೀತು. ನದಿ ನಿನ್ನ ಕೇಳಿ ಇಳೀಬೇಕಿತ್ತಾ?"

ಶಿಲ್ಪಿ ನಕ್ಕ. "ಕತ್ತರಿಸ್ತೀನಿ ಬಿಡಿ. ಇಷ್ಟೊಂದು ದಿನದಲ್ಲಿ ನಿಮ್ಮದು ಒಂದೂ ಅಂದಾಜಿಲ್ವಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು. ಅಳತೆಯಮ್ಮ ಟೇಪು ಸುತ್ತಿಕೊಂಡು ಮನೆಗೆ ಬಂದರು. ಎರಡು ದಿನ ಶೆಡ್ಡಿನ ಕಡೆ ತಲೆ ಹಾಕಲಿಲ್ಲ.

"ಏನೇ, ತುತ್ತು ಗಂಟಲಲ್ಲಿ ಇಳೀತಿಲ್ವಾ?" ಎಂದರು ಯಜಮಾನರು.

"ಆ ವರ್ಷ ಮಗಳು ಜ್ವರ ಬಂದು ಆಸ್ಪತ್ರೆ ಸೇರಿದ್ಳಲ್ಲ, ಆವತ್ತು ನಾನು ನದಿಗೆ ಹೋಗ್ಲಿಲ್ಲ ರೀ. ಹಿಂದಿನ ದಿನದ್ದು, ಮುಂದಿನ ದಿನದ್ದು ಕೂಡಿಸಿ ಅರ್ಧ ಮಾಡಿ ಬರೆದುಬಿಟ್ಟೆ."

"ಗೊತ್ತು ಕಣೇ. ಇಡೀ ದಿನ ಬೆಂಚಿನ ಮೇಲೆ ನನ್ನ ಪಕ್ಕದಲ್ಲೇ ಇದ್ದೆ. ಥರ್ಮಾಮೀಟರನ್ನೂ ಎರಡೆರಡು ಸಲ ಓದ್ತಿದ್ದೆ."

"ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?"

"ಜೀವದ ಮೇಲೆ ಆಸೆ ಇತ್ತು."

ಅಳತೆಯಮ್ಮನಿಗೆ ನಗು ಬಂತು, ಭಯ ಹೋಗಲಿಲ್ಲ. ಬಾಯಿಬಿಟ್ಟರೆ ಮೂವತ್ತೊಂದು ವರ್ಷದ ಬರಹವನ್ನೆಲ್ಲ ಜನ ಅನುಮಾನಿಸಬಹುದು. ಸುಮ್ಮನಿದ್ದರೆ ಅವರ ಸುಳ್ಳು ಊರ ನಡುವೆ ಉಕ್ಕಿನಲ್ಲಿ ನಿಲ್ಲುತ್ತದೆ.

ಮಾರನೆಯ ಬೆಳಿಗ್ಗೆ ಅವರು ಶಿಲ್ಪಿಗೆ ದಿನಾಂಕ ತೋರಿಸಿ ಎಲ್ಲವನ್ನೂ ಹೇಳಿದರು. ಅವನು ಆ ಕಂಬಿಯನ್ನು ಹುಡುಕಿ ಸಾಲಿನಿಂದ ಹೊರಗೆಳೆದ.

"ಸುಮಾರಾಗಿ ಎಷ್ಟಿರಬಹುದು ಹೇಳಿ, ಹೊಸದು ಕತ್ತರಿಸ್ತೀನಿ."

"ಬೇಡಪ್ಪಾ. ಆವತ್ತು ನೀರು ಎಷ್ಟಿತ್ತೋ ನನಗೆ ಗೊತ್ತಿಲ್ಲ. ಖಾಲಿ ಬಿಡು."

ಶಿಲ್ಪಿ ಅವರ ಮುಖವನ್ನೊಮ್ಮೆ ನೋಡಿ, ಆ ಜಾಗದ ಮೇಲೆ ಸೀಮೆಸುಣ್ಣದಿಂದ ಗೀಟು ಹಾಕಿದ.

ಉದ್ಘಾಟನೆಯ ದಿನ ದಡದ ತುಂಬ ಕುರ್ಚಿಗಳು. ವೇದಿಕೆಯಲ್ಲಿದ್ದ ಅಧಿಕಾರಿ ಕೈಯಲ್ಲಿದ್ದ ಹಾಳೆ ನೋಡಿ, "ವರ್ಷದ ಪ್ರತಿ ದಿನಕ್ಕೂ ಒಂದರಂತೆ ಒಟ್ಟು ಮುನ್ನೂರ ಅರವತ್ತೈದು ಕಂಬಿಗಳು" ಎಂದು ಓದಿದರು. ಮೂರನೆಯ ಸಾಲಿನಲ್ಲಿ ಯಜಮಾನರು ಸೆರಗು ಹಿಡಿದು ಎಳೆಯುವಷ್ಟರಲ್ಲಿ ಅಳತೆಯಮ್ಮ ಎದ್ದು ನಿಂತಿದ್ದರು.

"ಮುನ್ನೂರ ಅರವತ್ತನಾಲ್ಕು."