ಜಗಳೂರಿನ ನಲ್ಲಿ ಮುಂದೆ ಆಡಿದ ಮಾತು

ನನ್ನದು ಸುಮ್ಮನಿರುವ ಬಾಯಲ್ಲ. ಇದನ್ನು ನನ್ನ ಅತ್ತೆ ಮದುವೆಯಾದ ವಾರದಲ್ಲೇ ಕಂಡುಹಿಡಿದಿದ್ದರು. ಯಜಮಾನರು ಹೈಸ್ಕೂಲು ಮೇಷ್ಟ್ರು. ಎಪ್ಪತ್ತರ ದಶಕದ ಕೊನೆಯಲ್ಲಿ ಅವರಿಗೆ ಚನ್ನಗಿರಿಯಿಂದ ಜಗಳೂರಿಗೆ ವರ್ಗವಾಯಿತು. ಅಲ್ಲಿ ನನ್ನ ಬಾಯಿಗೆ ತಕ್ಕ ಜಾಗ ಸಿಕ್ಕಿತು: ಬೀದಿ ನಲ್ಲಿ.

ನೀರು ಬರುತ್ತಿದ್ದುದು ಬೆಳಿಗ್ಗೆ ಅರ್ಧ ಗಂಟೆ, ಅದೂ ಬಂದರೆ. ಕೊಡಗಳನ್ನು ಸಾಲಾಗಿಟ್ಟು ನಾವು ಹೆಂಗಸರು ಎರಡು ಗಂಟೆ ಮೊದಲೇ ಕೂರುತ್ತಿದ್ದೆವು. ಕೂತವರು ಏನು ಮಾಡಬೇಕು? ಬಂದವರಿಗೆಲ್ಲ ಬುದ್ಧಿ ಹೇಳುತ್ತಿದ್ದೆವು. ಯಾರಾದರೂ ಕುಂಟುತ್ತ ಬಂದರೆ ಸಾಕು, ಏನಾಯಿತು ಅಂತ ಒಬ್ಬರೂ ಕೇಳುತ್ತಿರಲಿಲ್ಲ. ಒಬ್ಬಳು ಎಕ್ಕದ ಎಲೆ ಕಟ್ಟು ಅನ್ನುವಳು, ಇನ್ನೊಬ್ಬಳು ಕಟ್ಟಲೇಬೇಡ ಅನ್ನುವಳು, ಆಮೇಲೆ ಅವರಿಬ್ಬರಿಗೇ ಜಗಳ ಹತ್ತಿ ಕಾಲು ನೋವಿನವಳು ಎಲ್ಲರಿಗೂ ಮರೆತೇ ಹೋಗುವಳು. ನಾನು ಮೇಷ್ಟ್ರ ಹೆಂಡತಿ, ಪೇಪರು ಓದುವವಳು, ಹಾಗಾಗಿ ಕೊನೆಯ ಮಾತು ನನ್ನದು. ಆ ಗತ್ತು ನನಗೆ ಬಹಳ ಹಿಡಿಸಿತ್ತು, ಸುಳ್ಳು ಯಾಕೆ ಹೇಳಲಿ. ಈಗ ಅದೇ ಕೆಲಸ ಫೋನಿನ ಗುಂಪುಗಳಲ್ಲಿ ನಡೆಯುತ್ತದೆ. ಸೊಸೆ ಓದಿ ಹೇಳಲು ಶುರುಮಾಡಿದರೆ ನಾನು ಎದ್ದು ಒಳಗೆ ಹೋಗುತ್ತೇನೆ.

ನಮ್ಮ ಎದುರು ಮನೆಯಲ್ಲಿ ನ್ಯಾಮತಿ ಕಡೆಯ ಹುಡುಗಿಯೊಬ್ಬಳಿದ್ದಳು. ಗಂಡ ಲಾರಿ ಡ್ರೈವರ್, ವಾರಕ್ಕೊಮ್ಮೆ ಮನೆ ಕಾಣುವವನು. ಒಂದು ವರ್ಷದ ಹೆಣ್ಣು ಮಗು, ಆಗಷ್ಟೇ ಎದೆಹಾಲು ಬಿಡಿಸಿದ್ದಳು. ಮಾತು ಕಡಿಮೆ. ನಲ್ಲಿಗೆ ಬಂದರೂ ತನ್ನ ಸರದಿ, ತನ್ನ ಕೊಡ, ಅಷ್ಟೇ.

ಒಂದು ಬೇಸಿಗೆಯ ಬೆಳಿಗ್ಗೆ ಆ ಹುಡುಗಿ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು, ಕೈಯಲ್ಲಿ ಚೊಂಬು ಹಿಡಿದು ಓಡುತ್ತ ಬಂದಳು. ಮಗುವಿನ ಕತ್ತು ಜೋತುಬಿದ್ದಿತ್ತು, ತುಟಿ ಬಿರಿದಿತ್ತು. ಹಿಂದಿನ ದಿನ ನೀರು ಬಂದಿರಲಿಲ್ಲ. ನಲ್ಲಿಯ ಕೆಳಗೆ ಇದ್ದುದು ನನ್ನ ಎರಡನೇ ಕೊಡ, ಇನ್ನೂ ಅರ್ಧ. ಮೊದಲನೆಯದು ತುಂಬಿ ಪಕ್ಕದಲ್ಲಿತ್ತು.

"ಅಕ್ಕಾ, ಒಂದ್ ಚೊಂಬು ಹಿಡ್ಕೊಳಾಕೆ ಬಿಡ್ರೀ. ನಿನ್ನೆಯಿಂದ ಮಗೀಗೆ ಭೇದಿ. ಮನ್ಯಾಗೆ ಒಂದ್ ತೊಟ್ಟೂ ನೀರಿಲ್ಲ."

ನೀರು ಸಣ್ಣಗೆ ಬರುತ್ತಿತ್ತು, ಯಾವ ಗಳಿಗೆಯಲ್ಲಾದರೂ ನಿಲ್ಲುವ ಹಾಗೆ. ನಾನು ಕೊಡ ಸರಿಸಲಿಲ್ಲ, ಬಾಯಿ ತೆರೆದೆ.

"ಅಯ್ಯೋ, ಭೇದಿ ಆಗೋ ಮಗೀಗೆ ನೀರು ಕುಡಿಸಾಕೆ ಹೋಗಬ್ಯಾಡ ಕಣಮ್ಮಾ! ಕುಡಿಸಿದಷ್ಟೂ ಹೋಗ್ತೈತೆ. ಹೊಟ್ಟೆ ಒಣಗಿದ್ರೆ ತಾನಾಗೇ ನಿಲ್ತೈತೆ."

ಹಿಂದೆ ಕೂತವರೆಲ್ಲ ಹೌದೌದು ಅಂದರು. ಒಬ್ಬಳು ದೃಷ್ಟಿ ತೆಗಿ ಅಂದಳು, ಒಬ್ಬಳು ಹೊಕ್ಕಳಿಗೆ ಇಂಗು ಹಚ್ಚು ಅಂದಳು. ಆಸ್ಪತ್ರೆಗೆ ನಡಿ, ನಾನೂ ಬರ್ತೀನಿ ಅಂತ ಯಾರೂ ಏಳಲಿಲ್ಲ, ಎಲ್ಲರ ಕೊಡಗಳೂ ಸಾಲಿನಲ್ಲಿದ್ದವು. ಅವಳು ನನ್ನ ಮುಖ ನೋಡಿದಳು, ಕೈಯಲ್ಲಿದ್ದ ಚೊಂಬು ನೋಡಿದಳು, ತಿರುಗಿ ಹೋದಳು. ನನ್ನ ಕೊಡ ತುಂಬಿತು.

ಮಾರನೆಯ ದಿನ ಮಧ್ಯಾಹ್ನ ಮಗು ಹೋಯಿತು. ಮಾತಾಡಿಸಲು ಹೋದಾಗ ಅವಳು ನನ್ನ ಕೈ ಹಿಡಿದುಕೊಂಡು, "ಒಂದ್ ತೊಟ್ಟೂ ಹಾಕ್ಲಿಲ್ಲ ಅಕ್ಕಾ. ನೀವು ಹೇಳಿದಂಗೇ ಮಾಡ್ದೆ. ನಾಲಿಗೆ ಚಾಚ್ತಿತ್ತು, ಆದ್ರೂ ಹಾಕ್ಲಿಲ್ಲ" ಅಂದಳು. ನಾನು ಅವಳ ತಲೆ ಸವರಿ, ಹಣೆಬರಹ ಕಣಮ್ಮ ಅಂತ ಹೇಳಿ ಎದ್ದು ಬಂದೆ. ಅದೂ ಅವಳು ಕೇಳಿದ್ದಲ್ಲ.

ಅವರು ಮನೆ ಖಾಲಿ ಮಾಡಿ ನ್ಯಾಮತಿಗೆ ಹೋದರು. ನಮಗೆ ಹೊನ್ನಾಳಿಗೆ ವರ್ಗವಾಯಿತು. ಎಂಬತ್ತರ ದಶಕದಲ್ಲಿ ಅಲ್ಲಿ ಒಂದು ಮಧ್ಯಾಹ್ನ ನರ್ಸಮ್ಮ ಓಣಿಯ ಹೆಂಗಸರನ್ನು ಕೂರಿಸಿಕೊಂಡು, ಕಾಯಿಸಿ ಆರಿಸಿದ ಒಂದು ಚೊಂಬು ನೀರಿಗೆ ಚಿಟಿಕೆ ಉಪ್ಪು, ಒಂದು ಹಿಡಿ ಸಕ್ಕರೆ ಹಾಕಿ ಕದಡಿ ತೋರಿಸಿದಳು.

"ಭೇದಿ ಆದಾಗ ಮಗು ಸಾಯೋದು ಮೈಯಾಗಿನ ನೀರು ಆರಿ ಕಣ್ರೀ. ನೀರು ನಿಲ್ಲಿಸಿದ್ರೆ ನೀವೇ ಕೊಂದಂಗೆ."

ರುಚಿ ನೋಡಲು ಎಲ್ಲರ ಅಂಗೈಗೂ ಒಂದೊಂದು ಗುಟುಕು ಹಾಕಿದಳು. ನನಗೆ ಅದನ್ನು ನುಂಗಲಾಗಲಿಲ್ಲ.

ಗೊತ್ತಿಲ್ಲದೆ ಹೇಳಿದೆ ಅಂತ ನನಗೆ ನಾನೇ ಎಷ್ಟು ಸಲ ಹೇಳಿಕೊಂಡೆನೋ. ಗೊತ್ತಿರಲಿಲ್ಲ, ನಿಜ. ನಮ್ಮವ್ವ, ನಮ್ಮಜ್ಜಿ ಎಲ್ಲ ಹಾಗೇ ಹೇಳುತ್ತಿದ್ದರು. ಆದರೆ ನಲ್ಲಿಯ ಕೆಳಗೆ ಬೇರೆಯವರ ಕೊಡ ಇದ್ದಿದ್ದರೆ ಆ ಮಾತು ಅಷ್ಟು ಬೇಗ ನನ್ನ ಬಾಯಿಗೆ ಬರುತ್ತಿತ್ತೇ?

ಆ ನ್ಯಾಮತಿಯ ಹುಡುಗಿಗೆ ಮತ್ತೊಂದು ಮಗುವಾಗಿದೆ ಅಂತ ಆಮೇಲೆ ಕಿವಿಗೆ ಬಿತ್ತು. ನಾನು ಹೋಗಿ ಹೇಳದಿದ್ದರೆ ಆ ಮಗುವಿಗೂ ನೀರು ನಿಲ್ಲಿಸುತ್ತಾಳೆ. ಹೇಳಿದರೆ, ಮೊದಲನೆಯದು ಯಾರಿಂದ ಹೋಯಿತು ಅಂತ ಅವಳಿಗೆ ಗೊತ್ತಾಗುತ್ತದೆ. ಇವತ್ತು ನಾಳೆ ಅಂತ ಎರಡು ತಿಂಗಳು ತಳ್ಳಿದೆ. ಥೂ, ನನ್ನ ಜನ್ಮಕ್ಕಿಷ್ಟು! ಕೊನೆಗೆ ನ್ಯಾಮತಿ ಬಸ್ಸು ಹತ್ತಿದೆ.

ನನ್ನನ್ನು ನೋಡಿ ಅವಳಿಗೆ ಖುಷಿಯಾಯಿತು. ಗಂಡು ಮಗು ಅಂಗಳದಲ್ಲಿ ಅಂಬೆಗಾಲಿಡುತ್ತಿತ್ತು.

"ಹೋದ ತಿಂಗಳು ಇವಂಗೂ ಭೇದಿ ಆಗಿತ್ತು ಅಕ್ಕಾ. ಎರಡು ದಿನ ನೀರು ಮುಟ್ಟಿಸ್ಲಿಲ್ಲ. ಭಾಳ ಸೊರಗಿದ್ದ, ಹೆಂಗೋ ಉಳ್ಕೊಂಡ. ನಮ್ಮ ಓಣ್ಯಾಗೆ ಎಲ್ಲಾರ್ಗೂ ಅದನ್ನೇ ಹೇಳೀನಿ, ನೀವು ಹೇಳಿದ್ದು."

ಹೋದ ತಿಂಗಳು ನಾನು ಹೊನ್ನಾಳಿಯಲ್ಲಿ ಇವತ್ತು ನಾಳೆ ಅನ್ನುತ್ತ ಕೂತಿದ್ದೆ. ಇನ್ನು ತಡೆಯಲಾಗಲಿಲ್ಲ. ಉಪ್ಪು, ಸಕ್ಕರೆ, ನರ್ಸಮ್ಮ ಅಂದದ್ದು, ಒಂದೂ ಬಿಡದೆ ಹೇಳಿದೆ. ತಪ್ಪಾಯಿತು ಅಂದೆ. ಅವಳು ಮಗುವನ್ನು ಎತ್ತಿ ಎದೆಗೆ ಅವುಚಿಕೊಂಡಳು. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಏನ್ ಮಾಡ್ಲಿ ಅಂತ ಅವತ್ತು ನಾನು ಯಾರ್ನೂ ಕೇಳ್ಲಿಲ್ಲ ಅಕ್ಕಾ" ಅಂದಳು. "ಒಂದ್ ಚೊಂಬು ನೀರು ಕೇಳಿದ್ದೆ."

"ಹೌದು" ಅಂದೆ.